ಹೆಸರಿನ ತೂಕ

ಭಾನುವಾರ ಸಂಜೆ ಅಶ್ವತ್ಥಕಟ್ಟೆಗೆ ಬಂದ ಸೀನ ಕೂರುವ ಮೊದಲೇ ಮೊಬೈಲನ್ನು ನಮ್ಮ ಮುಖಕ್ಕೆ ಹಿಡಿದು, "ನಮ್ಮ ಬೀದಿಯ ಅಂಗನವಾಡಿಗೆ ಹೊಸ ಬೋರ್ಡು ಬಂದಿದೆ ನೋಡಿ. ಇನ್ನು ಮೇಲೆ ಅದು ಬರಿಯ ಅಂಗನವಾಡಿಯಲ್ಲ, ಸಕ್ಷಮ ಅಂಗನವಾಡಿ" ಎಂದು ಘೋಷಿಸಿದ.

"ಸೂರು ಸೋರುವುದು ನಿಂತಿತೇ?" ಎಂದರು ರಾಯರು.

"ಅದಕ್ಕೆ ಅನುದಾನ ಬಂದಿಲ್ಲವಂತೆ. ಬೋರ್ಡಿನದು ಬೇರೆ ಲೆಕ್ಕಶೀರ್ಷಿಕೆಯಂತೆ."

ರಾಯರು ನಶ್ಯದ ಡಬ್ಬಿಯನ್ನು ಮುಚ್ಚಿದರು; ಇನ್ನು ಅರ್ಧ ಗಂಟೆ ಅವರದೇ. "ಮಗುವನ್ನು ತಿಂಗಳಿಗೊಮ್ಮೆ ತೂಗುವಂತೆ ಯೋಜನೆಯ ಹೆಸರನ್ನೂ ತೂಗಿ ನೋಡು, ಸೀನಾ. 1975ರ ಅಕ್ಟೋಬರ್ 2ರಂದು ನಮ್ಮ ಟಿ. ನರಸೀಪುರವೂ ಸೇರಿದಂತೆ ದೇಶದ 33 ಕಡೆ ಹುಟ್ಟಿದಾಗ ಅದು ಸಮಗ್ರ ಶಿಶು ಅಭಿವೃದ್ಧಿ ಸೇವೆಯಾಗಿತ್ತು. 2018ರಲ್ಲಿ ಪೋಷಣ್ ಅಭಿಯಾನ ಬಂದು ಕೂಡಿಕೊಂಡಿತು. 2021ರ ಹೊತ್ತಿಗೆ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಆಯಿತು. ಬೆಳವಣಿಗೆಯ ನಕ್ಷೆ ಬರೆದರೆ ಹೆಸರಿನ ಚುಕ್ಕೆಗಳೆಲ್ಲ ಸರಿಯಾದ ತೂಕದ ಹಸಿರು ಪಟ್ಟಿಯಲ್ಲೇ ಇರುತ್ತವೆ. ಒಂದು ತಿಂಗಳೂ ಹಳದಿಗೆ ಇಳಿದಿಲ್ಲ."

"ಮಗುವಿನ ಪಾಲಿನ ಊಟದ ಹಣವನ್ನೂ ಏರಿಸಿದ್ದಾರಲ್ಲ" ಎಂದು ಶ್ಯಾಮಣ್ಣ ಖಜಾನೆಯ ಪರ ವಕಾಲತ್ತು ವಹಿಸಿದರು.

"2017ರಲ್ಲಿ ದಿನಕ್ಕೆ 6 ರೂಪಾಯಿ ಇದ್ದದ್ದನ್ನು 8 ಮಾಡಿದರು, ಒಪ್ಪಿದೆ. ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಶೆಟ್ಟರ ಅಂಗಡಿಯಲ್ಲಿ ಮೊಟ್ಟೆಯೊಂದಕ್ಕೆ 7 ರೂಪಾಯಿ. ಅಷ್ಟರೊಳಗೆ ಬಿಳಿ ಯಾರದು, ಹಳದಿ ಯಾರದು ಎಂದು ಎರಡು ಸರ್ಕಾರಗಳು ತೀರ್ಮಾನಿಸುವ ಹೊತ್ತಿಗೆ ಮರಿ ಹೊರಗೆ ಬಂದಿರುತ್ತದೆ. 2025ರ ಬಜೆಟ್ಟಿನಲ್ಲಿ ಈ ದರವನ್ನು ‘ಸೂಕ್ತವಾಗಿ’ ಹೆಚ್ಚಿಸುವುದಾಗಿ ಓದಿದರು. ಹೆಸರಿಡುವಾಗ ಯಾರೂ ಸೂಕ್ತವಾಗಿ ಎನ್ನಲಿಲ್ಲ, 2.0 ಎಂದು ದಶಮಾಂಶದವರೆಗೆ ಲೆಕ್ಕ ಹಾಕಿ ಹೇಳಿದರು!"

"ನಮ್ಮ ಮೊಮ್ಮಗನಿಗೆ ನಾಮಕರಣದಲ್ಲಿ ಐದು ಹೆಸರಿಟ್ಟೆವು, ಆದರೂ ಊಟಕ್ಕೆ ಬಾಯಿ ತೆರೆಯುವುದಿಲ್ಲ" ಎಂದು ಶ್ಯಾಮಣ್ಣ ನಿಟ್ಟುಸಿರುಬಿಟ್ಟರು.

"ಸಕ್ಷಮ ಎಂಬುದೊಂದನ್ನು ಸೇರಿಸಿ ನೋಡಿ."

ಸೀನ ಸೋಲೊಪ್ಪುವವನಲ್ಲ. "ತಂತ್ರಜ್ಞಾನ ಬಂದಿದೆ, ಅದನ್ನೂ ಹೇಳಿ ರಾಯರೇ. 2025ರ ಜುಲೈ 1ರಿಂದ ಬಾಣಂತಿಯ ಮುಖವನ್ನು ಮೊಬೈಲು ಗುರುತಿಸಿದರೇ ಮನೆಗೆ ಒಯ್ಯುವ ಪಡಿತರ."

"ಊರಿನ ಬಸುರಿ ಬಾಣಂತಿಯರ ಮುಖವೆಲ್ಲ ಟೀಚರಿಗೆ ಗೊತ್ತಿದೆಯಪ್ಪ. ಟೀಚರ ಮುಖ ಗೊತ್ತಿಲ್ಲದಿರುವುದು ದೆಹಲಿಗೆ. ಕೇಂದ್ರ ನಿಗದಿ ಮಾಡಿದ ಗೌರವಧನ 2018ರಲ್ಲಿ 4,500 ರೂಪಾಯಿಯ ಮೆಟ್ಟಿಲು ಹತ್ತಿ ಅಲ್ಲಿಯೇ ಕುಳಿತುಬಿಟ್ಟಿತು. ಆ ಯಂತ್ರವನ್ನು ಒಮ್ಮೆ ಈ ಕಡೆಗೂ ತಿರುಗಿಸಬಾರದೇ?"

ಸೀನ ಮಾತಾಡಲಿಲ್ಲ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ತೊಲೆಯನ್ನು ತೋರಿಸಿದ. "ಆ ಕೊಕ್ಕೆ ಇನ್ನೂ ಇದೆ. ನನ್ನನ್ನು ಚಡ್ಡಿಯಂಥ ಬಟ್ಟೆಯೊಳಗೆ ಕೂರಿಸಿ, ಅದರಿಂದ ನೇತಾಡುವ ತಕ್ಕಡಿಗೆ ಸಿಕ್ಕಿಸುತ್ತಿದ್ದರು. ನಾನು ಕಿರುಚುತ್ತಿದ್ದೆ. ಸಹಾಯಕಿ ನಿಂಗಮ್ಮ ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು, ತೂಕ ಜಾಸ್ತಿ ಬರಲಿ ಎಂದು ಬಾಯಿಗಿಡುತ್ತಿದ್ದಳು. ಅವಳ ಮನೆಯ ಬೆಲ್ಲ."

ಅಭ್ಯಾಸಬಲದಿಂದ ಅದು ಯಾವ ಲೆಕ್ಕಶೀರ್ಷಿಕೆ ಎಂದು ಕೇಳಲು ಬಾಯಿ ತೆರೆದ ಶ್ಯಾಮಣ್ಣ ಹಾಗೆಯೇ ಮುಚ್ಚಿಕೊಂಡರು. ಅಶ್ವತ್ಥದ ಎಲೆಗಳ ಮೇಲೆ ನಾಲ್ಕು ಹನಿ ಬಿದ್ದವು.

"ಬೇಳೆಯ ಮೂಟೆ ನೆನೆಯುತ್ತದೆ, ಬೀಗದ ಕೈ ನಿಂಗಮ್ಮನ ಹತ್ತಿರವಿದೆ" ಎನ್ನುತ್ತ ಸೀನ ಎದ್ದು ಓಡಿದ. ನಶ್ಯದ ಡಬ್ಬಿಯನ್ನು ಜೇಬಿಗಿಳಿಸಿ ರಾಯರೂ ಅವನ ಹಿಂದೆ ನಡೆದರು.