ಮೊಳಕೆ ರಾಗಿ ಸರಿ ತೆಳ್ಳಗಾಗುತ್ತಿಲ್ಲ, ಮುದ್ದೆಯ ಹಾಗೆ ಗಟ್ಟಿಯಾಗುತ್ತಿದೆ. ಎಲ್ಲಿ ತಪ್ಪಿದೆ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ 8 ತಿಂಗಳು. ಇಷ್ಟು ದಿನ ನಮ್ಮತ್ತೆ ಮಾಡಿಕೊಟ್ಟ ಮೊಳಕೆ ರಾಗಿ ಹಿಟ್ಟಿನಲ್ಲಿ ಸರಿ ಕಾಯಿಸುತ್ತಿದ್ದೆ. ಒಂದು ಲೋಟ ನೀರಿಗೆ ಮೂರು ಚಮಚ ಹಿಟ್ಟು ಹಾಕಿದರೂ ಸೌಟಿನಿಂದ ಸಲೀಸಾಗಿ ಇಳಿಯುತ್ತಿತ್ತು. ಸಕ್ಕರೆ ಹಾಕದೆಯೇ ಸ್ವಲ್ಪ ಸಿಹಿ ಇರುತ್ತಿತ್ತು.

ಈ ಸಲ ನಾನೇ ಮಾಡಿದೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ದಿನ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಮಿಲ್ಲಿನಲ್ಲಿ ಬೀಸಿಸಿದೆ. ಅದೇ ಅಳತೆ ಹಾಕಿದರೆ ಕೋಲು ನಿಲ್ಲುವಷ್ಟು ಗಟ್ಟಿ! ಮಗು ಬಾಯಿಂದ ಉಗುಳುತ್ತಾನೆ. ನೀರು ಜಾಸ್ತಿ ಮಾಡಿದರೆ ತೆಳ್ಳಗಾಗುತ್ತದೆ, ಆದರೆ ಅವನ ಪುಟ್ಟ ಹೊಟ್ಟೆಗೆ ಬರೀ ನೀರು ತುಂಬಿಸಿದ ಹಾಗಾಗುತ್ತದೆ ಅಲ್ವಾ? ರಾಗಿ ತಳಿ ಬೇರೆ ಇರಬಹುದಾ? ಅಥವಾ ಮಿಲ್ಲಿನ ಬಿಸಿಗೆ ಹೀಗಾಯಿತಾ? ಎರಡು ಕಿಲೋ ಹಿಟ್ಟಿದೆ.

ಸೌಟು

ಅಮ್ಮ, ಮೂರು ವಿಷಯ ಹೇಳಿ. ಎಷ್ಟು ಹೊತ್ತು ಹುರಿದಿರಿ? ಹುರಿಯುವ ಮೊದಲು ಕಾಳು ಪೂರ್ತಿ ಒಣಗಿತ್ತಾ? ಸರಿ ಕಾಯಿಸುವಾಗ ಉರಿ ಸಣ್ಣದಾ ದೊಡ್ಡದಾ?

ಹಾಸನದ ಅಮ್ಮ

ಎರಡು ದಿನ ಬಿಸಿಲಿಗೆ ಹಾಕಿದ್ದೆ, ಆದರೆ ಮೋಡ ಇತ್ತು. ಪೂರ್ತಿ ಒಣಗಿರಲಿಲ್ಲ ಅನ್ನಿಸುತ್ತದೆ. ಅದಕ್ಕೇ ಕಬ್ಬಿಣದ ಬಾಣಲೆಯಲ್ಲಿ 20 ನಿಮಿಷ ಚೆನ್ನಾಗಿ ಹುರಿದೆ. ಘಮ್ ಅಂತ ವಾಸನೆ ಬಂದು ಬಣ್ಣವೂ ತಿರುಗಿತ್ತು. ಸರಿಯನ್ನು ದೊಡ್ಡ ಉರಿಯಲ್ಲೇ ಕಾಯಿಸುತ್ತೇನೆ. ಮಗು ಅಳುತ್ತಿರುತ್ತಾನಲ್ಲ.

ಪ್ರಯೋಗಪ್ರಿಯ

ಸಿಕ್ಕಿತು. ತಳಿಯದ್ದೂ ಅಲ್ಲ, ಮಿಲ್ಲಿನದ್ದೂ ಅಲ್ಲ. ಬಾಣಲೆಯದ್ದು.

ರಾಗಿಯಲ್ಲಿ ಹೆಚ್ಚಿನ ಪಾಲು ಪಿಷ್ಟ. ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದುದ್ದ ಸರ. ಕೆಲವು ಸರ ನೇರ, ಕೆಲವಕ್ಕೆ ಮರದ ಹಾಗೆ ಕವಲು. ಒಣ ಹಿಟ್ಟಿನಲ್ಲಿ ಇವೆಲ್ಲ ಪುಟ್ಟ ಕಣಗಳಾಗಿ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ನೀರಿನಲ್ಲಿ 65 ಡಿಗ್ರಿ ಆಸುಪಾಸಿಗೆ ಬಿಸಿಯಾದಾಗ ಕಣ ನೀರು ಕುಡಿದು ಊದಿಕೊಂಡು ಬಿಚ್ಚಿಕೊಳ್ಳುತ್ತದೆ. ಸರಗಳು ಹೊರಬಂದು ಒಂದಕ್ಕೊಂದು ಗೋಜಲಾಗುತ್ತವೆ. ಮುದ್ದೆ ಗಟ್ಟಿಯಾಗುವುದು ಹೀಗೆ.

ಕಾಳು ಮೊಳಕೆ ಒಡೆಯುವಾಗ ಪುಟ್ಟ ಸಸಿಗೆ ಊಟ ಬೇಕು. ಇಡೀ ಪಿಷ್ಟವನ್ನು ಅದು ನುಂಗಲಾರದು. ಹಾಗಾಗಿ ಕಾಳು ಅಮೈಲೇಸ್ ಅನ್ನುವ ಕಿಣ್ವ ತಯಾರಿಸುತ್ತದೆ. ಆಲ್ಫಾ ಅಮೈಲೇಸ್ ಸರವನ್ನು ನಡುನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ನಡುವೆ ನಾಲ್ಕು ಕಡೆ ಕತ್ತರಿಸಿದರೆ ಸಾಕು, ಗೋಜಲು ಬಿಡಿಸಿಕೊಂಡು ಸರಿ ನೀರಾಗುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡು ಮಣಿ ಕಡಿಯುತ್ತದೆ. ಆ ಜೋಡಿ ಮಣಿಯೇ ಮಾಲ್ಟೋಸ್. ನಿಮ್ಮತ್ತೆಯ ಹಿಟ್ಟಿನಲ್ಲಿದ್ದ ಸಿಹಿ ಅದರದ್ದು.

ಒಂದು ಕಿಣ್ವದ ಅಣು ಒಂದು ಕಡೆ ಕತ್ತರಿಸಿ ಮುಗಿದುಹೋಗುವುದಿಲ್ಲ. ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಅದಕ್ಕೇ ಒಂದು ಚಮಚ ಹಿಟ್ಟಿನಲ್ಲಿರುವ ಅಷ್ಟೇ ಅಷ್ಟು ಕಿಣ್ವ ಒಂದು ಪಾತ್ರೆ ಗಂಜಿಯನ್ನು ತೆಳ್ಳಗೆ ಮಾಡಬಲ್ಲದು.

ಆದರೆ ಕಿಣ್ವ ಒಂದು ಪ್ರೊಟೀನ್. ಅದು ಮಡಿಚಿಕೊಂಡಿರುವ ಆಕಾರದಲ್ಲೇ ಅದರ ಕೆಲಸವೆಲ್ಲ ಇದೆ. ಬಿಸಿ ಮಿತಿಮೀರಿದರೆ ಆ ಮಡಿಕೆ ಬಿಚ್ಚಿಹೋಗುತ್ತದೆ. ಬೆಂದ ಮೊಟ್ಟೆಯ ಬಿಳಿ ತಣ್ಣಗಾದರೂ ಮತ್ತೆ ನೀರಾಗುವುದಿಲ್ಲ ನೋಡಿ, ಇದೂ ಹಾಗೆಯೇ. ಪೂರ್ತಿ ಒಣಗಿದ ಕಾಳಿನಲ್ಲಿ ಕಿಣ್ವ ಸ್ವಲ್ಪ ಬಿಸಿ ತಡೆಯುತ್ತದೆ. ತೇವ ಇದ್ದರೆ ಬಹಳ ಬೇಗ ಕೆಡುತ್ತದೆ. ನೀವು ಅರೆ ಒಣಗಿದ ಕಾಳನ್ನು ಬಣ್ಣ ತಿರುಗುವವರೆಗೆ ಹುರಿದಿದ್ದೀರಿ. ಎರಡು ದಿನ ಕಷ್ಟಪಟ್ಟು ಬರಿಸಿದ ಅಮೈಲೇಸ್ ಆ 20 ನಿಮಿಷದಲ್ಲಿ ಹೋಗಿರುತ್ತದೆ.

ನನ್ನ ಮಾತನ್ನೇ ನಂಬಬೇಡಿ, ಪರೀಕ್ಷೆ ಮಾಡಿ. ಅತ್ತೆಯ ಹಿಟ್ಟು ಎರಡು ಚಮಚ ಉಳಿದಿದೆಯಾ? ಮಾಮೂಲಿ ರಾಗಿ ಹಿಟ್ಟಿನಲ್ಲಿ ಗಟ್ಟಿ ಗಂಜಿ ಕಾಯಿಸಿ. 60ರಿಂದ 65 ಡಿಗ್ರಿಗೆ ಆರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಗಂಜಿಯನ್ನು ಇನ್ನೂ ಗಟ್ಟಿ ಮಾಡಿಕೊಂಡು, ಕುದಿಯುತ್ತಿರುವಾಗಲೇ ಇಳಿಸಿ, ಅಷ್ಟೇ ಪ್ರಮಾಣದ ತಣ್ಣೀರು ಬೆರೆಸಿ. ಹೆಚ್ಚು ಕಡಿಮೆ ಅಲ್ಲಿಗೇ ಬರುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಖಂಡಿತ ಅದ್ದಬೇಡಿ. ಅದು 42 ಡಿಗ್ರಿವರೆಗೆ ಅಷ್ಟೇ, ಗಾಜಿನದ್ದಾದರೆ ಒಡೆದು ಪಾದರಸ ಗಂಜಿಗೆ ಬೀಳುತ್ತದೆ.

ಗಂಜಿಯನ್ನು ಮೂರು ಬಟ್ಟಲಿಗೆ ಸಮ ಹಂಚಿ. ಒಂದಕ್ಕೆ ಅತ್ತೆಯ ಹಿಟ್ಟು ಒಂದು ಚಮಚ, ಇನ್ನೊಂದಕ್ಕೆ ನಿಮ್ಮದು, ಮೂರನೆಯದಕ್ಕೆ ಮೊಳಕೆ ಬರಿಸದ ಮಾಮೂಲಿ ಹಿಟ್ಟು. ಕದಡಿ, ಮುಚ್ಚಿ, 10 ನಿಮಿಷ ಬಿಡಿ. ಮೂರನೇ ಬಟ್ಟಲು ಬೇಡ ಅನ್ನಿಸಬಹುದು, ಆದರೆ ಬೇಕು. ಸುಮ್ನೆ ಕದಡಿದ್ದಕ್ಕೇ ತೆಳ್ಳಗಾಯಿತಾ ಅನ್ನುವ ಅನುಮಾನ ಅದರಿಂದ ಹೋಗುತ್ತದೆ.

ಹೈಸ್ಕೂಲ್ ಮೇಷ್ಟ್ರು

ಒಳ್ಳೆಯ ಪರೀಕ್ಷೆ. ನನ್ನ ಒಂಬತ್ತನೇ ತರಗತಿ ಮಕ್ಕಳಿಗೂ ಮಾಡಿಸುತ್ತೇನೆ, ಜೊತೆಗೆ ಅಯೋಡಿನ್ ಹಾಕುತ್ತೇವೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಅನ್ನು ನೀರಿನಲ್ಲಿ ತೆಳು ಟೀ ಬಣ್ಣಕ್ಕೆ ತಂದುಕೊಂಡರೆ ಸಾಕು. ಪಿಷ್ಟ ಇದ್ದರೆ ಕಡುನೀಲಿ. ಕಿಣ್ವ ಕತ್ತರಿಸುತ್ತಾ ಹೋದಂತೆ ನೇರಳೆ, ಆಮೇಲೆ ಕೆಂಪು ಮಿಶ್ರಿತ ಕಂದು, ಕೊನೆಗೆ ಅಯೋಡಿನ್ನಿನ ಬಣ್ಣ ಮಾತ್ರ.

ನಮಗೆ ಎರಡು ಸಲ ಮೋಸವಾಗಿದೆ, ಅದನ್ನು ಹೇಳುತ್ತೇನೆ. ಒಮ್ಮೆ ಬಿಸಿ ಗಂಜಿಗೇ ಹಾಕಿದೆವು. ನೀಲಿ ಬರಲೇ ಇಲ್ಲ. ಪಿಷ್ಟವೆಲ್ಲ ಜೀರ್ಣವಾಯಿತು ಅಂತ ಮಕ್ಕಳು ಬರೆದುಕೊಂಡುಬಿಟ್ಟರು. ಅಯೋಡಿನ್ ಕೂರುವುದು ಪಿಷ್ಟದ ಸರ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುವ ಜಾಗದ ಒಳಗೆ. ಬಿಸಿಯಲ್ಲಿ ಆ ಸುರುಳಿ ಸಡಿಲವಾಗುತ್ತದೆ. ತಣ್ಣಗಾದ ಮೇಲೆ ಅದೇ ಬಟ್ಟಲು ನೀಲಿಯಾಯಿತು. ಇನ್ನೊಮ್ಮೆ ಒಬ್ಬ ಹುಡುಗ ನಿಂಬೆರಸ ಹಿಂಡಿದ್ದ. ಅದರಲ್ಲಿರುವ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ. ಪಿಷ್ಟ ಅಲ್ಲೇ ಇದ್ದರೂ ಕಾಣುವುದಿಲ್ಲ.

ಅಮ್ಮ, ಅಯೋಡಿನ್ ಹಾಕಿದ ಬಟ್ಟಲನ್ನು ಚೆಲ್ಲಿಬಿಡಿ, ಮಗುವಿನ ಪಾತ್ರೆಯ ಹತ್ತಿರ ಇಡಬೇಡಿ.

ಇನ್ನೊಂದು ಮಾತು, ಮಕ್ಕಳಿಗೆ ಇಷ್ಟವಾಗುವಂಥದ್ದು. 1833ರಲ್ಲಿ ಫ್ರಾನ್ಸಿನ ಪಯೆನ್ ಮತ್ತು ಪೆರ್ಸೋ ಮೊಳಕೆ ಬಾರ್ಲಿಯಿಂದ ಇದೇ ಸತ್ವವನ್ನು ಬೇರ್ಪಡಿಸಿ ಡಯಾಸ್ಟೇಸ್ ಅಂದರು. ಅಮೈಲೇಸ್, ಲೈಪೇಸ್ ಹೆಸರುಗಳ ಕೊನೆಯ 'ಏಸ್' ಅಲ್ಲಿಂದ ಬಂದದ್ದು. ನಮ್ಮ ಅಡುಗೆಮನೆಯ ಬಟ್ಟೆಗಂಟಿನಲ್ಲಿ ಇರುವುದೂ ಅದೇ.

ಹಾಲುಬಾಯಿ ಪ್ರೇಮಿ

ಅಯ್ಯೋ, ನನ್ನದು ಉಲ್ಟಾ ಸಮಸ್ಯೆ! ಹಬ್ಬಕ್ಕೆ ರಾಗಿ ಹಾಲುಬಾಯಿ ಮಾಡೋಣ, ಮೊಳಕೆ ಬಂದದ್ದು ಇನ್ನೂ ಒಳ್ಳೆಯದು ಅಂತ ಮೊಳಕೆ ರಾಗಿಯನ್ನೇ ರುಬ್ಬಿ ಹಾಲು ತೆಗೆದೆ. ಸಣ್ಣ ಉರಿಯಲ್ಲಿ ಒಂದು ಗಂಟೆ ತಿರುವಿದರೂ ತಟ್ಟೆಯಲ್ಲಿ ಕೂರಲಿಲ್ಲ. ಕೊನೆಗೆ ಪಾಯಸ ಅಂತ ಬಡಿಸಿದೆ. ಅದೂ ಇದೇ ಕಾರಣಕ್ಕಾ?

ಪ್ರಯೋಗಪ್ರಿಯ

ಇದೇ, ಅಕ್ಕ. ಸಣ್ಣ ಉರಿಯಲ್ಲಿ 60ರಿಂದ 75 ಡಿಗ್ರಿಯ ನಡುವೆ ಬಹಳ ಹೊತ್ತು ಇಟ್ಟಿರಿ. ಪಿಷ್ಟ ಬಿಚ್ಚಿಕೊಂಡಿರುತ್ತದೆ, ಕಿಣ್ವವೂ ಚುರುಕಾಗಿರುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಹಾಲುಬಾಯಿಗೆ ಮೊಳಕೆ ಬರಿಸದ ರಾಗಿಯೇ ಸರಿ. ರಾತ್ರಿ ನೆನೆಸಿ ಬೆಳಿಗ್ಗೆಯೇ ರುಬ್ಬಿ.

ಹಾಸನದ ಅಮ್ಮನವರು ದೊಡ್ಡ ಉರಿ ಬಿಡಬೇಕಾದದ್ದೂ ಇದಕ್ಕೇ. ಹಿಟ್ಟು ಚೆನ್ನಾಗಿದ್ದರೂ ಆ ಹಂತವನ್ನು ಒಂದೇ ನಿಮಿಷದಲ್ಲಿ ದಾಟಿಸಿದರೆ ಕಿಣ್ವಕ್ಕೆ ಕೆಲಸ ಮಾಡಲು ಹೊತ್ತು ಸಿಗುವುದಿಲ್ಲ.

ಸೌಟು

ನಮ್ಮಜ್ಜಿ ಅಂಬಲಿಗೆ ಮಜ್ಜಿಗೆ ಹಾಕುತ್ತಿದ್ದದ್ದು ಯಾವಾಗಲೂ ಕಾಯಿಸಿ ಆರಿದ ಮೇಲೆ. ಮೊದಲೇ ಹಾಕಿದರೆ ಕಿಣ್ವಕ್ಕೆ ತೊಂದರೆಯಾಗುತ್ತದಾ?

ಪ್ರಯೋಗಪ್ರಿಯ

ಆಗುತ್ತದೆ. ಮೊಳಕೆಯ ಆಲ್ಫಾ ಅಮೈಲೇಸಿಗೆ ಸ್ವಲ್ಪವೇ ಹುಳಿ ಹಿತ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5ರಿಂದ 5.5ರ ಹತ್ತಿರ. ಹುಳಿ ಮಜ್ಜಿಗೆಯಷ್ಟು ಆಮ್ಲ ಅದಕ್ಕೆ ಒಗ್ಗುವುದಿಲ್ಲ. ಮಡಿಕೆ ಹಿಡಿದಿಡಲು ಅದಕ್ಕೆ ಕ್ಯಾಲ್ಸಿಯಂ ಕೂಡ ಬೇಕು. ಅದೇನೋ ರಾಗಿಯಲ್ಲಿ ಧಾರಾಳ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ರಾಗಿಕಾಳಿನಲ್ಲಿ ಅಮೈಲೇಸನ್ನು ತಡೆಯುವ ಪ್ರೊಟೀನ್ ಕೂಡ ಇದೆ. ನಮ್ಮ ಕರುಳಿನಲ್ಲಿ ಪ್ರೊಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನೂ ಅದೇ ತಡೆಯುತ್ತದೆ. ಇದರ ಬಗ್ಗೆ 1981ರಲ್ಲಿ ಪ್ರಕಟವಾದ ಕೆಲಸ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನದ್ದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೂ (ಸಿ.ಎಫ್.ಟಿ.ಆರ್.ಐ.) 1980ರ ದಶಕದಲ್ಲಿ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ತೆಳ್ಳಗಿದ್ದೂ ಸತ್ವ ಇರುವ ಮಕ್ಕಳ ಆಹಾರ ಮಾಡಿದ್ದರು. ಒಣಗಿಸಿ, ಹದವಾದ ಬಿಸಿಯಲ್ಲಿ ಇಡುವುದು ಅಲ್ಲಿಯ ಕ್ರಮ. ಕಪ್ಪಗೆ ಹುರಿಯುವುದಲ್ಲ.

ಹಾಸನದ ಅಮ್ಮ

ಪರೀಕ್ಷೆ ಮಾಡಿದೆ! ಅತ್ತೆಯ ಹಿಟ್ಟಿನ ಬಟ್ಟಲು ಐದು ನಿಮಿಷಕ್ಕೇ ಸಾರಿನ ಹಾಗಾಯಿತು. ಚಮಚ ತಿರುಗಿಸುವಾಗಲೇ ಕೈಗೆ ಗೊತ್ತಾಯಿತು. ನನ್ನ ಹಿಟ್ಟಿನದ್ದೂ ಮಾಮೂಲಿ ಹಿಟ್ಟಿನದ್ದೂ ಒಂದೇ ಥರ, ಅಲುಗಾಡಲೇ ಇಲ್ಲ. ಅತ್ತೆಗೆ ಫೋನ್ ಮಾಡಿ ಕೇಳಿದೆ. ಅವರು ಹುರಿಯುವುದೇ ಇಲ್ಲವಂತೆ! ಕಟ್ಟ ಬಿಸಿಲಿನಲ್ಲಿ ಮೂರು ದಿನ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಬಾಣಲೆ ಬೆಚ್ಚಗೆ ಮಾಡಿ ಒಂದೆರಡು ಸಲ ಕೈಯಾಡಿಸಿ ತೆಗೆಯುತ್ತಾರಂತೆ.

ಈಗ ಈ ಎರಡು ಕಿಲೋ ಏನು ಮಾಡಲಿ? ಎಸೆಯಲು ಮನಸ್ಸು ಬರುತ್ತಿಲ್ಲ.

ಪ್ರಯೋಗಪ್ರಿಯ

ಎಸೆಯಬೇಡಿ ಅಮ್ಮ. ಅದರಲ್ಲಿ ಮುಖ್ಯವಾಗಿ ಹೋಗಿರುವುದು ಕಿಣ್ವ. ಪಿಷ್ಟ, ಕ್ಯಾಲ್ಸಿಯಂ ಇವೆ. ಅತ್ತೆಯ ಕ್ರಮದಲ್ಲಿ ಕಾಲು ಕಿಲೋ ಹೊಸ ಹಿಟ್ಟು ಮಾಡಿಕೊಳ್ಳಿ. ನಿಮ್ಮ ಹುರಿದ ಹಿಟ್ಟಿನಲ್ಲಿ ಮಾಮೂಲಿಯಂತೆ ಗಟ್ಟಿ ಸರಿ ಕಾಯಿಸಿ, ಇಳಿಸಿ, 65 ಡಿಗ್ರಿಗೆ ಬಂದಾಗ ಹೊಸ ಹಿಟ್ಟು ಒಂದು ಚಮಚ ಕದಡಿ 10 ನಿಮಿಷ ಮುಚ್ಚಿಡಿ. ತೆಳ್ಳಗಾದ ಮೇಲೆ ಮತ್ತೆ ಒಲೆಯ ಮೇಲಿಟ್ಟು ಎರಡು ಮೂರು ನಿಮಿಷ ಕುದಿಸಿ. ಈ ಕೊನೆಯ ಕುದಿ ಬಿಡಲೇಬೇಡಿ. ಬೆಚ್ಚಗೆ ಒದ್ದೆಯಾಗಿ ಎರಡು ದಿನ ಇದ್ದ ಕಾಳಿನಲ್ಲಿ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ.

ಮೊಳಕೆಯ ಬುಡದಲ್ಲಿ ಬಿಳಿ ನವಿರು ಕಂಡರೆ ಗಾಬರಿಯಾಗಬೇಡಿ, ಅದು ಬೇರಿನ ಕೂದಲು. ನೀರು ಚಿಮುಕಿಸಿದರೆ ಅಂಟಿಕೊಂಡು ಮಾಯವಾಗುತ್ತದೆ. ಬೂದು, ಹಸಿರು ಬಣ್ಣ ಬಂದು ಮುಗ್ಗಲು ವಾಸನೆ ಇದ್ದರೆ ಬೂಷ್ಟು. ಆಗ ಇಡೀ ಗಂಟನ್ನು ಎಸೆದುಬಿಡಿ.

ಹಾಸನದ ಅಮ್ಮ

ಹೊಸ ಹಿಟ್ಟು ತಯಾರಾಯಿತು. ಇವತ್ತು ಬೆಳಿಗ್ಗೆ ಹುರಿದ ಹಿಟ್ಟು ಮೂರು ಚಮಚ, ಹೊಸದು ಒಂದು ಚಮಚ ಹಾಕಿದೆ. ಹತ್ತು ನಿಮಿಷಕ್ಕೆ ಇಳಿಯಿತು, ಕುದಿಸಿ ಆರಿಸಿ ಕೊಟ್ಟೆ. ಬಟ್ಟಲು ಖಾಲಿ! ಮೇಷ್ಟ್ರೇ, ಉಳಿದ ಒಂದು ಚೂರನ್ನು ತಣ್ಣಗೆ ಮಾಡಿ ಅಯೋಡಿನ್ ಕೂಡ ಹಾಕಿ ನೋಡಿದೆ. ನೇರಳೆ ಬಂತು.

ಹೈಸ್ಕೂಲ್ ಮೇಷ್ಟ್ರು

ನೇರಳೆ ಅಂದರೆ ಸರಗಳು ತುಂಡಾಗಿವೆ, ಪೂರ್ತಿ ಮುಗಿದಿಲ್ಲ. ಸರಿಗೆ ಅಷ್ಟು ಸಾಕು. ಉಳಿದದ್ದನ್ನು ಮಗುವಿನ ಹೊಟ್ಟೆ ನೋಡಿಕೊಳ್ಳುತ್ತದೆ.