ಈ ಕಲ್ಲು ಹವಳದ ಫಾಸಿಲ್ಲಾ, ಬ್ರಯೋಜೋವನ್ನಾ?

ಕಲ್ಲುಗಿರಾಕಿ:
ಎಲ್ರಿಗೂ ನಮಸ್ಕಾರ. ಸುಣ್ಣಕಲ್ಲಿನ ಪದರದಿಂದ ಉದುರಿ ಬಿದ್ದಿದ್ದ ಮುಷ್ಟಿ ಗಾತ್ರದ ತುಂಡು ಇದು, ಮೇಲ್ಗಡೆ ಪೂರ್ತಿ ಜೇನುಗೂಡಿನ ಥರ ಕಣ್ಣುಗಳು, ಒಂದೊಂದು ಎರಡು ಮಿಮೀ ಇರ್ಬೋದು. ಒಬ್ರು ಫೇವೋಸೈಟಿಸ್ (ಅಳಿದೋದ ಒಂದು ಹವಳ) ಅಂದ್ರು, ಇನ್ನೊಬ್ರು ಬ್ರಯೋಜೋವನ್ (ಹವಳದ ಥರ ಗುಂಪಾಗಿ ಬೆಳೆಯೋ ಬೇರೆ ಸಣ್ಣ ಪ್ರಾಣಿಗಳು) ಅಂದ್ರು, ಮತ್ತೊಬ್ರಂತೂ ಆರು ಮೂಲೆ ಇದೆ ಅಂದ್ಮೇಲೆ ಈಗಿನ ಹವಳಗಳ ಗುಂಪೇ ಅಂತ ಹಟ ಹಿಡಿದಿದಾರೆ. ಏನು ನೋಡಿ ಡಿಸೈಡ್ ಮಾಡೋದು? ಮಣ್ಣು ಬೇರೆ ಕಚ್ಕೊಂಡಿದೆ, ವಿನೆಗರಲ್ಲಿ ನೆನೆಸ್ಲಾ?

ಪದರಗಣ್ಣ:
ವಿನೆಗರ್ ಬೇಡವೇ ಬೇಡ! ಫಾಸಿಲ್ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ಆಗಿದ್ರೆ ಮಣ್ಣಿಗಿಂತ ಮೊದಲು ನಿಮಗೆ ಬೇಕಾದ ಡೀಟೇಲೇ ಕರಗೋಗತ್ತೆ. ನೀರು, ಹಳೇ ಟೂತ್‌ಬ್ರಷ್ ಸಾಕು. ಬ್ರಯೋಜೋವನ್ ಕಣ್ಣುಗಳು ಸಾಮಾನ್ಯವಾಗಿ ಒಂದು ಮಿಮೀಗಿಂತ ಚಿಕ್ಕವು, ಬರಿಗಣ್ಣಿಗೆ ಸೂಜಿ ಚುಚ್ಚಿದ ಹಾಗೆ ಕಾಣತ್ವೆ, ಎರಡು ಮಿಮೀ ಅಂದ್ರೆ ಹವಳದ ಕಡೆನೇ ಜಾಸ್ತಿ ವಾಲತ್ತೆ. ಒಡೆದ ಪಕ್ಕದ ಫೋಟೋ ಹಾಕಿ, ಮೇಲಿನ ಫೋಟೋ ಒಂದೇ ನೋಡಿ ಹೆಸರು ಹೇಳೋದು ಬರೀ ಊಹೆ.

ಶಿಲಾಪ್ರಿಯೆ:
ಆರು ಮೂಲೆ ವಿಷ್ಯಕ್ಕೆ ಒಂದು ಮಾತು, ಈ ಗೊಂದಲ ಪದೇ ಪದೇ ಬರತ್ತೆ. ಕಣ್ಣುಗಳು ಒತ್ತೊತ್ತಾಗಿ ಬೆಳೆದ್ರೆ ಗೋಡೆ ತಾನಾಗೇ ಆರು ಮೂಲೆ ಆಗತ್ತೆ, ಅದಕ್ಕೂ ಗುಂಪಿಗೂ ಸಂಬಂಧ ಇಲ್ಲ. ಈಗಿನ ಹವಳಗಳು ಅಂದ್ರೆ ಸ್ಕ್ಲೆರಾಕ್ಟೀನಿಯನ್‌ಗಳಲ್ಲಿ ಆರರ ಲೆಕ್ಕ ಇರೋದು ಒಳಗಿನ ಸೆಪ್ಟಾದಲ್ಲಿ, ಅಂದ್ರೆ ಗೋಡೆಯಿಂದ ಮಧ್ಯಕ್ಕೆ ಬರೋ ತೆಳು ತಡಿಕೆಗಳಲ್ಲಿ, ಅದೂ ಸವೆದ ಪೀಸಲ್ಲಿ ಎಣಿಸೋದು ಕಷ್ಟ. ಸೆಪ್ಟಾ ಚೆನ್ನಾಗಿ ಕಂಡ್ರೆ ರೂಗೋಸ್ ಅನ್ನೋ ಹಳೇ ಹವಳದ ಗುಂಪು ಕೂಡ ಆಗಿರ್ಬೋದು, ಆ ಗುಂಪಿನ ಹೆಕ್ಸಾಗೊನೇರಿಯಾಗೂ ಇಂಥದೇ ಮೂಲೆಗಳಿರ್ತವೆ. ಸೆಪ್ಟಾನೇ ಕಾಣ್ದೆ, ಉದ್ದುದ್ದ ಕೊಳವೆ ಒಳಗೆ ಅಡ್ಡ ತಟ್ಟೆಗಳು ಸಾಲಾಗಿದ್ರೆ ಟ್ಯಾಬ್ಯುಲೇಟ್, ಅಂದ್ರೆ ಫೇವೋಸೈಟಿಸ್ ಸೇರಿರೋ ಹಳೇ ಹವಳದ ಗುಂಪು ಅನ್ಕೊಳ್ಳಿ. ಆಮೇಲೆ ಆ ಪದರದ ಕಾಲ ಯಾವ್ದು? ರೂಗೋಸ್, ಟ್ಯಾಬ್ಯುಲೇಟ್ ಎರಡೂ ಪರ್ಮಿಯನ್ ಕಾಲದ ಕೊನೇಲಿ, ಸುಮಾರು 25.2 ಕೋಟಿ ವರ್ಷದ ಹಿಂದೆ ಅಳಿದೋದ್ವು, ಸ್ಕ್ಲೆರಾಕ್ಟೀನಿಯನ್ ಸಿಗೋದು ಅದರ ಮುಂದಿನ ಟ್ರಯಾಸಿಕ್ ಕಾಲದಿಂದ ಈಚೆಗೆ. ಕಾಲ ಗೊತ್ತಾದ್ರೆ ಅರ್ಧ ಜಗಳ ಅಲ್ಲೇ ಮುಗೀತು.

ಕಲ್ಲುಗಿರಾಕಿ:
ಮ್ಯಾಪಲ್ಲಿ ಡೆವೋನಿಯನ್ ಅಂತಿದೆ, ಅಂದ್ರೆ ಪರ್ಮಿಯನ್‌ಗಿಂತ ಹಿಂದಿನ ಕಾಲ, ಹಾಗಾಗಿ ಈಗಿನ ಹವಳಗಳ ಗುಂಪಲ್ಲ. ಒಡೆದ ಪಕ್ಕ ಒದ್ದೆ ಮಾಡಿ ಲೆನ್ಸಲ್ಲಿ ನೋಡ್ದೆ, ಅಡ್ಡ ತಟ್ಟೆಗಳು ಕ್ಲಿಯರಾಗಿವೆ, ಸೆಪ್ಟಾ ಏನೂ ಕಾಣ್ತಿಲ್ಲ, ಗೋಡೇಲಿ ಸಣ್ಣ ಸಣ್ಣ ತೂತು ಸಾಲಾಗಿವೆ. ಹೊಸ ಫೋಟೋ ಹಾಕಿದೀನಿ.

ಪದರಗಣ್ಣ:
ಹಾ, ಆ ತೂತೇ ಬೇಕಿತ್ತು! ಪಕ್ಕಪಕ್ಕದ ಕೊಳವೆಗಳನ್ನ ಸೇರಿಸೋ ರಂಧ್ರಗಳವು, ಫೇವೋಸೈಟಿಸ್ ಬಳಗದ ಮುಖ್ಯ ಗುರುತು. ನಿಮ್ಮ ಮೊದಲನೇ ಸ್ನೇಹಿತರು ಹೇಳಿದ್ದು ಹೆಚ್ಚುಕಮ್ಮಿ ಸರಿ.

ಶಿಲಾಪ್ರಿಯೆ:
ಒಪ್ತೀನಿ, ಆದ್ರೆ ಲೇಬಲ್ ಮೇಲೆ ಸ್ಪೀಷೀಸ್ ಹೆಸರು ಬರೀಬೇಡಿ, ಅದಕ್ಕೆ ತೆಳುವಾಗಿ ಕೊಯ್ದು ಮೈಕ್ರೋಸ್ಕೋಪಲ್ಲೇ ನೋಡ್ಬೇಕು. ಫೇವೋಸೈಟಿಡ್ (ಅಂದ್ರೆ ಫೇವೋಸೈಟಿಸ್ ಬಳಗ), ಡೆವೋನಿಯನ್, ಸಿಕ್ಕಿದ ಜಾಗ, ಇಷ್ಟು ಬರೀರಿ. ಪದರದಲ್ಲೇ ಇದ್ದಿದ್ದಲ್ಲ, ಉದುರಿ ಬಿದ್ದಿದ್ದು ಅನ್ನೋದನ್ನೂ ಸೇರಿಸಿ, ಮೇಲಿನ ಯಾವ ಪದರದಿಂದ ಬೇಕಾದ್ರೂ ಬಂದಿರ್ಬೋದಲ್ವಾ.