ಕಾಫಿ ಪುಡಿ ವ್ಯಾಪಾರಕ್ಕೆ ಮೊದಲು ಯಾರನ್ನು ಸೇರಿಸಿಕೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ಗೋಣಿಕೊಪ್ಪದ ಹತ್ತಿರ ನಮ್ಮ ತೋಟದ ರೊಬಸ್ಟಾ ಹುರಿದು, ಪುಡಿ ಮಾಡಿ ಕೊರಿಯರ್‌ನಲ್ಲಿ ಕಳಿಸ್ತೇನೆ. ಜೊತೆಗೆ ಕಾಳುಮೆಣಸು, ಅಡುಗೆಗೆ ಹಾಕುವ ಕೊಡಗಿನ ಹುಳಿ ಕಾಚಂಪುಳಿ. ಮೂರು ವರ್ಷದಿಂದ ಎಲ್ಲಾ ನಾನೊಬ್ಬಳೇ. ಈಗ ತಿಂಗಳಿಗೆ ಮುನ್ನೂರು ಪಾರ್ಸೆಲ್. ರಾತ್ರಿ ಹನ್ನೊಂದಾದರೂ ವಾಟ್ಸಾಪ್ ಆರ್ಡರ್ ಬರೆದುಕೊಳ್ತಾ ಕೂತಿರ್ತೇನೆ. ಮಾರ್ಕೆಟಿಂಗ್‌ಗೆ ಒಬ್ಬ ಹುಡುಗನನ್ನು ಇಟ್ಟುಕೋ ಅಂತಾರೆ ಎಲ್ಲರೂ. ಚಿಕ್ಕಪ್ಪನ ಮಗ ಪಾಲುದಾರನಾಗಿ ಬರ್ತೀನಿ ಅಂತಿದ್ದಾನೆ. ಏನು ಮಾಡಲಿ?

ಉತ್ತರ (ಲೆಕ್ಕ ಪರಿಶೋಧಕರು, ಕುಶಾಲನಗರ): ಇರುವ ಆರ್ಡರೇ ಕೈಮೀರಿರುವಾಗ ಇನ್ನಷ್ಟು ಆರ್ಡರ್ ತರುವವನು ಯಾಕಮ್ಮಾ? ಮೊದಲು ಪ್ಯಾಕಿಂಗ್‌ಗೆ ಒಬ್ಬರನ್ನು ನೋಡಿ. ಹುರಿಯೋದು ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಗಿರಾಕಿಗಳು ಬರ್ತಿರೋದು ಆ ರುಚಿಗೆ.

ಆದರೆ ಬಂದ ದಿನವೇ ಟೇಬಲ್ ಒಪ್ಪಿಸಿ ಹೋಗಬೇಡಿ. ಹುರಿದ ಕಾಫಿ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡ್ತಾನೇ ಇರುತ್ತೆ. ಬಿಸಿ ಆರಿತಲ್ಲ ಅಂತ ಕೂಡಲೇ ವಾಲ್ವ್ (ಅನಿಲ ಹೊರಹೋಗುವ ಕಿಂಡಿ) ಇಲ್ಲದ ಕವರಿಗೆ ತುಂಬಿ ಸೀಲ್ ಮಾಡಿದರೆ ಕವರ್ ಊದಿಕೊಳ್ಳುತ್ತೆ. ಖಾಲಿ ಕವರ್ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತರದೆ ತೂಗಿದರೆ, 250 ಗ್ರಾಂ ಪ್ಯಾಕೆಟ್‌ನಲ್ಲಿ ಕವರಿನ ತೂಕದಷ್ಟು ಪುಡಿ ಕಮ್ಮಿ. ನಿಮಗೆ ಇದೆಲ್ಲ ಕೈಗೆ ಹತ್ತಿಹೋಗಿದೆ, ಹೊಸಬರಿಗೆ ಹೇಳದೆ ಗೊತ್ತಾಗಲ್ಲ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಎರಡು ವಾರ ಪಕ್ಕದಲ್ಲೇ ನಿಂತು ಮಾಡಿಸಿ.

ಮಳೆಗಾಲ ಮುಗಿಯೋದರೊಳಗೆ ಸೇರಿಸಿಕೊಳ್ಳಿ. ಕುಯ್ಲು ಶುರುವಾದ ಮೇಲೆ ತೋಟಕ್ಕೇ ಆಳು ಸಿಗದ ಪರದಾಟ ನಿಮಗೆ ಗೊತ್ತಿದ್ದದ್ದೇ. ಪಿಎಫ್ ಕಡ್ಡಾಯವಾಗೋದು 20 ಜನರಾದಾಗ, ಇಎಸ್‌ಐ (ನೌಕರರ ಆರೋಗ್ಯ ವಿಮೆ) 10 ಜನರಾದಾಗ. ಕನಿಷ್ಠ ವೇತನ ಮಾತ್ರ ಒಬ್ಬರಿದ್ದರೂ ಕೊಡಲೇಬೇಕು.

ಪ್ರಶ್ನೆ: ತಮ್ಮನಿಗೆ ಬೇಡ ಅಂದರೆ ಮನೆಯಲ್ಲಿ ಬೇಜಾರಾಗುತ್ತೆ ಸರ್.

ಉತ್ತರ: ಬೇಡ ಅನ್ನಬೇಡಿ, ಸಂಬಳಕ್ಕೆ ಬಾ ಅನ್ನಿ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ವ್ಯಾಪಾರದ ಸಾಲಕ್ಕೆ ಎಲ್ಲಾ ಪಾಲುದಾರರೂ ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ ಹೊಣೆ. ಅವನು ವ್ಯಾಪಾರಕ್ಕೆಂದು ತಂದ ಸಾಲವನ್ನು ಪೂರ್ತಿ ನಿಮ್ಮಿಂದಲೇ ವಸೂಲಿ ಮಾಡಬಹುದು. ಇಂಥದ್ದು ಬಂದಾಗ ಅಣ್ಣ-ತಮ್ಮಂದಿರು ಮಾತು ಬಿಟ್ಟಿದ್ದನ್ನು ನನ್ನ ಕಚೇರಿಯಲ್ಲೇ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳ್ತಿದ್ದೇನೆ. ಆರು ತಿಂಗಳು ವಾಟ್ಸಾಪ್ ಆರ್ಡರ್, ಕೊರಿಯರ್ ಲೆಕ್ಕ ಎರಡನ್ನೂ ಅವನಿಗೇ ಬಿಡಿ. ಆಮೇಲೂ ಪಾಲು ಕೊಡುವ ಮನಸ್ಸಿದ್ದರೆ ಎಷ್ಟು ಪಾಲು, ಬ್ಯಾಂಕಿಗೆ ಯಾರ ಸಹಿ, ಬಿಟ್ಟು ಹೋದರೆ ಲೆಕ್ಕ ಹೇಗೆ ಅನ್ನೋದನ್ನೆಲ್ಲ ಕರಾರಿನಲ್ಲಿ ಬರೆಸಿ. ಬ್ರ್ಯಾಂಡಿನ ಟ್ರೇಡ್‌ಮಾರ್ಕ್ ನಿಮ್ಮ ಹೆಸರಲ್ಲೇ ಇರಲಿ.

ಈ ಮಾತನ್ನು ಫೋನಿನಲ್ಲಿ ಮುಗಿಸಬೇಡಿ. ಚಿಕ್ಕಪ್ಪನ ಮನೆಗೆ ಹೋಗಿ, ಇಬ್ಬರನ್ನೂ ಕೂರಿಸಿಕೊಂಡು ಹೇಳಿ.